ಇಪ್ಪತ್ತೇಳನೆಯ ವರ್ಗ

ಗೆರೆ ಮುಟ್ಟುತ್ತಿಲ್ಲವೋ, ತಾನು ಎಳೆದ ಗೆರೆಯೇ ಸೊಟ್ಟಗಿದೆಯೋ? ಚನ್ನವೀರ ಪರದೆಯ ಮೇಲಿನ ಗೆರೆಯನ್ನು ಅಳಿಸಿ ನಾಲ್ಕನೆಯ ಸಲ ಎಳೆದ. ಮುಂಗೈಯಲ್ಲಿ ಹೆಬ್ಬೆರಳ ಕಡೆಗಿರುವ ಎಲುಬಿನ ನಡುವಿನಿಂದ ಹೊರಟ ಗೆರೆ ಮೊಣಕೈಯತ್ತ ಸಾಗಿ, ತೋಳಿನ ಎಲುಬಿನ ತುದಿಯಲ್ಲಿರುವ ಸಣ್ಣ ಗುಂಡಿನ ಮೇಲೆ ಹಾದು ಹೋಗಬೇಕು. ಕೈ ಮಡಚಿರಲಿ, ಚಾಚಿರಲಿ, ಚಿತ್ರವನ್ನು ಯಾವ ಕಡೆಯಿಂದಲಾದರೂ ತೆಗೆದಿರಲಿ, ಸರಿಯಿರುವ ಮೊಣಕೈಯಲ್ಲಿ ಅದು ಗುಂಡನ್ನು ತಪ್ಪುವುದಿಲ್ಲ. ಇಲ್ಲಿ ತಪ್ಪುತ್ತಿತ್ತು. ಅಥವಾ ತಪ್ಪಿದಂತೆ ಕಾಣುತ್ತಿತ್ತು. ಮೊಣಕೈ ಚಿತ್ರದ ಅಂಚಿನಲ್ಲಿ ಅರ್ಧಕ್ಕೆ ಕತ್ತರಿಸಿ ಹೋಗಿತ್ತು. ಒಂಬತ್ತು ವರ್ಷದ ಮಗುವಿನ ಎಲುಬಿನ ತುದಿಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಚಿತ್ರದಲ್ಲಿ ಮಸುಕಾಗಿಯೇ ಬೀಳುತ್ತವೆ. ಮಸುಕಿನಲ್ಲಿ ಮನುಷ್ಯ ಏನನ್ನು ಬೇಕಾದರೂ ಕಾಣಬಲ್ಲ. ಹೆದರಿದವನಿಗೆ ಹೆದರಿದ್ದೇ ಕಾಣುತ್ತದೆ. ಇದೂ ಹಾಗೆಯೇ ಇರಬಹುದಲ್ಲವೆ?

ಐದನೆಯ ಸಲ ಎಳೆದ. ಮುಟ್ಟಲಿಲ್ಲ.

ಚಿತ್ರದ ಮೂಲೆಯಲ್ಲಿ ಹೆಸರಿತ್ತು: ಶಿವಲೀಲಾ, ಒಂಬತ್ತು ವರ್ಷ, ಬಲಗೈ, ಹಿರೇಮುಳ್ಳೂರು ಕೇಂದ್ರ. ಅದರ ಕೆಳಗೆ ಯಂತ್ರದ ತೀರ್ಪು: ವರ್ಗ ಹದಿನಾಲ್ಕು, ಕಿರುಬೆರಳ ಕಡೆಯ ಎಲುಬಿನ ನಡುಮುರಿತ, ಸರಳ. ಖಾತ್ರಿ, ನೂರಕ್ಕೆ ತೊಂಬತ್ತೊಂಬತ್ತು. ಶಿವಲೀಲಾ ಚನ್ನವೀರನ ಅಕ್ಕನ ಮಗಳು.

ಉತ್ತರದ ಜಿಲ್ಲೆಗಳಲ್ಲಿ ಕೈ ಮುರಿದುಕೊಂಡವರು ಡಾಕ್ಟರನ್ನು ಹುಡುಕಿಕೊಂಡು ಹೋಗುವುದನ್ನು ಬಿಟ್ಟು ಆಗಲೇ ನಾಲ್ಕು ವರ್ಷವಾಗಿತ್ತು. ಹುಡುಕಿದರೂ ಸಿಗುತ್ತಿರಲಿಲ್ಲ. ಎಲುಬಿನ ಡಾಕ್ಟರರು ತಾಲ್ಲೂಕು ಆಸ್ಪತ್ರೆಗಳನ್ನು ಒಬ್ಬೊಬ್ಬರಾಗಿ ಬಿಟ್ಟು ಹೋಗಿದ್ದರು. ಅವರ ಜಾಗಕ್ಕೆ ‘ತೋಳಗೂಡು’ ಬಂದಿತ್ತು. ಮೇಜಿನ ಮೇಲೆ ಕೂರುವಷ್ಟು ದೊಡ್ಡ ಪೆಟ್ಟಿಗೆ. ಮುಂಗೈಯನ್ನು ಅದರೊಳಗೆ ಚಾಚಿದರೆ ಮೊದಲು ಒಂದು ಸೂಜಿ ಚುಚ್ಚಿ ನೋವು ಮರೆಸುತ್ತದೆ. ಆಮೇಲೆ ಚಿತ್ರ ತೆಗೆದು, ಮುಂಗೈ ಮತ್ತು ಮಣಿಕಟ್ಟಿನ ಮುರಿತಗಳು, ಕೀಲು ಜಾರಿಕೆಗಳು ಎಲ್ಲ ಸೇರಿ ಇರುವ ಇಪ್ಪತ್ತಾರು ವರ್ಗಗಳಲ್ಲಿ ಇದು ಯಾವುದೆಂದು ತೀರ್ಮಾನಿಸುತ್ತದೆ. ಆ ವರ್ಗಕ್ಕೆ ಹೇಳಿಕೊಟ್ಟಂತೆ ಗಾಳಿಚೀಲಗಳಿಂದ ಕೈಯನ್ನು ಎಳೆದು, ಒತ್ತಿ, ಎಲುಬನ್ನು ಕೂಡಿಸುತ್ತದೆ. ಕಡೆಗೆ ಚರ್ಮದ ಮೇಲೆಯೇ ಜಾಳಿಗೆಯಂಥ ಗಟ್ಟಿ ಕಟ್ಟೊಂದನ್ನು ಹೆಣೆದು ಹೊರಗೆ ಬಿಡುತ್ತದೆ. ಎಲ್ಲ ಸೇರಿ ಏಳು ನಿಮಿಷ. ಜನ ಅದನ್ನು ತೋಳಗೂಡು ಎಂದು ಯಾವತ್ತೂ ಕರೆಯಲಿಲ್ಲ. ‘ಡಬ್ಬಿ’ ಎಂದರು. ಬಿದ್ದು ಬಂದ ಮಕ್ಕಳಿಗೆ ತಾಯಂದಿರು, “ಅಳಬ್ಯಾಡ, ಡಬ್ಬಿಯೊಳಗ ಕೈ ಇಟ್ಟು ಬರೂಣು” ಎನ್ನುತ್ತಿದ್ದರು.

ಹುಬ್ಬಳ್ಳಿಯ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ಕೂತು ಚನ್ನವೀರ ಮತ್ತು ಇನ್ನು ಕೆಲವರು ಆರುನೂರು ಡಬ್ಬಿಗಳನ್ನು ಕಾಯುತ್ತಿದ್ದರು. ಕಾಯುವುದು ಎಂದರೆ ಪರದೆಯ ಮೇಲೆ ತೀರ್ಪುಗಳು ಉರುಳುವುದನ್ನು ನೋಡುತ್ತಿರುವುದು, ಅಷ್ಟೆ. ಯಂತ್ರ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಅದಕ್ಕೆ ಕಲಿಸಿದ ವರ್ಗಗಳಲ್ಲಿ ‘ಗೊತ್ತಿಲ್ಲ’ ಎಂಬುದೊಂದು ಇರಲಿಲ್ಲ. ಎಂಥ ಕೈ ಬಂದರೂ ತನಗೆ ಗೊತ್ತಿರುವವುಗಳಲ್ಲಿ ಹತ್ತಿರದ್ದೊಂದನ್ನು ಅದು ಆರಿಸಲೇಬೇಕಿತ್ತು.

ಚನ್ನವೀರನಿಗೆ ಅನುಮಾನ ಹುಟ್ಟಿದ್ದು ಹಿಂದಿನ ದಿನ, ಭಾನುವಾರ. ಹಿರೇಮುಳ್ಳೂರಿನಲ್ಲಿ ಅಕ್ಕನ ಮನೆಯ ಊಟ ಮುಗಿಸಿ ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದರು. ಪಕ್ಕದ ಮನೆಯ ಅಜ್ಜಿ ಪೂಜೆಯ ಸಕ್ಕರೆ, ಕೊಬ್ಬರಿ ತಂದು ಎಲ್ಲರ ಕೈಗೂ ಹಾಕುತ್ತ ಬಂದಳು. ಲೀಲಾ ಎಡಗೈ ಒಡ್ಡಿದಳು.

“ಏಯ್, ಪ್ರಸಾದ ಎಡಗೈಲೆ ತಗೋತಾರೇನ? ಬಲಗೈ ಹಿಡಿ!” ಎಂದು ಅವಳಪ್ಪ ಮಾಂತೇಶ ಗದರಿದ. ಅವನು ಅದೇ ಊರಿನ ಶಾಲೆಯಲ್ಲಿ ಆಟದ ಮೇಷ್ಟ್ರು. ಮಲ್ಲಗಂಬ ಕಲಿಸುವುದರಲ್ಲಿ ಸುತ್ತಲ ಹಳ್ಳಿಗಳಲ್ಲಿ ಹೆಸರು ಮಾಡಿದವನು. ಆರು ವಾರದ ಹಿಂದೆ ಮಗಳು ಬಿದ್ದದ್ದೂ ಅವನು ನಿಲ್ಲಿಸಿದ ಕಂಬದ ಮೇಲಿಂದಲೇ. “ನೋಡಪಾ ಚನ್ನವೀರ, ಕಟ್ಟು ಬಿಚ್ಚಿ ಹದಿನೈದು ದಿನಾ ಆತು, ಈ ಎಡಗೈ ಚಾಳಿ ಬಿಡವಲ್ಲಳು. ಉಣ್ಣೂದೂ ಎಡಗೈಲೆನ. ನಿನ್ನೆ ನಿಮ್ಮಕ್ಕ ಎರಡ ಬಿಟ್ಲು, ಆದ್ರೂ ಬುದ್ಧಿ ಬರಲಿಲ್ಲ.”

“ಬಿಡದ ಏನ್ ಮಾಡ್ಲಿ?” ಎಂದಳು ಅಕ್ಕ ಸುವರ್ಣಾ. “ಬಂದವರ ಮುಂದ ಎಡಗೈ ಚಾಚತಾಳ. ಏನ್ ಕಲಿಸ್ಯಾಳ ಇವರವ್ವ ಅಂತ ನನಗ ಅಂತಾರ, ನಿಮಗೇನು?”

ಲೀಲಾ ಬಲಗೈ ಮುಂದೆ ಮಾಡಿದಳು. ಅಂಗೈ ಮೇಲಾಗಲಿಲ್ಲ. ಗೋಡೆ ಸವರುವವರ ಕೈಯಂತೆ ಅಡ್ಡಕ್ಕೆ ನಿಂತಿತು. ಅಂಗೈಯನ್ನು ಮೇಲೆ ಮಾಡಲು ಅವಳು ಮೊಣಕೈಯನ್ನು ಪಕ್ಕೆಗೆ ಒತ್ತಿ, ಭುಜ ಇಳಿಸಿ, ಇಡೀ ಮೈಯನ್ನು ಒಂದು ಕಡೆಗೆ ವಾಲಿಸಿದಳು. ಅಜ್ಜಿ ಹಾಕಿದ ಸಕ್ಕರೆ ಬೆರಳ ಸಂದಿಯಿಂದ ನೆಲಕ್ಕೆ ಚೆಲ್ಲಿತು.

“ಅದು ತಿರಗೂದಿಲ್ಲ,” ಎಂದಳು ಲೀಲಾ. “ನಾ ಹೇಳೇನಿ. ಯಾರೂ ಕೇಳವಲ್ರಿ.”

ಚನ್ನವೀರ ನಗುತ್ತಲೇ ಅವಳ ಕೈ ಹಿಡಿದುಕೊಂಡ. ಮುಂಗೈಯ ನಡುವೆ ಮುರಿದ ಜಾಗ ನೆಟ್ಟಗೆ ಕೂಡಿಕೊಂಡಿತ್ತು. ಬೆರಳಿಗೆ ಒಂದು ಉಬ್ಬೂ ಸಿಗಲಿಲ್ಲ. ಹಾಗೆಯೇ ಮೇಲಕ್ಕೆ ಸವರುತ್ತ ಹೋದ. ಮೊಣಕೈ ಮಡಿಕೆಯಲ್ಲಿ, ಹೆಬ್ಬೆರಳ ಕಡೆಗೆ, ಗೋಲಿಯಷ್ಟು ದಪ್ಪದ ಗಟ್ಟಿ ಗಂಟೊಂದು ಬೆರಳಿಗೆ ತಾಗಿತು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

“ಏನಾತೋ?” ಎಂದಳು ಅಕ್ಕ.

“ಏನಿಲ್ಲಕ್ಕಾ. ನಾಳೆ ಆಫೀಸಿನ್ಯಾಗ ಫೋಟೋ ನೋಡ್ತೀನಿ.”

“ನಿಮ್ಮ ಡಬ್ಬಿ ಸರಿ ಐತಿ ಅಂತ ಚೀಟಿ ಕೊಟ್ಟೈತಲ್ಲೋ.”

“ಹೂಂ. ಸುಮ್ನ ನೋಡ್ತೀನಿ.”

ಸೋಮವಾರ ನೋಡಿದ್ದಾಗಿತ್ತು. ಅನುಮಾನಪಡಲು ಇನ್ನು ಏನೂ ಉಳಿದಿರಲಿಲ್ಲ. ಕಿರುಬೆರಳ ಕಡೆಯ ಎಲುಬು ಮುರಿದ ಹೊತ್ತಿನಲ್ಲೇ ಅದರ ಜೊತೆಗಾರ ಎಲುಬಿನ ತಲೆ ಮೊಣಕೈಯಲ್ಲಿ ತನ್ನ ಜಾಗ ಬಿಟ್ಟು ಮುಂದಕ್ಕೆ ಜಾರಿತ್ತು. ಡಬ್ಬಿ ಮುರಿದದ್ದನ್ನು ಕೂಡಿಸಿತ್ತು, ಜಾರಿದ್ದನ್ನು ಹಾಗೆಯೇ ಬಿಟ್ಟಿತ್ತು. ಏಕೆಂದರೆ ಅಂಥದ್ದೊಂದು ಇದೆ ಎಂದೇ ಅದಕ್ಕೆ ಗೊತ್ತಿರಲಿಲ್ಲ.

ಒಮ್ಮೆ ಗೊತ್ತಿತ್ತು. ಐದು ವರ್ಷದ ಹಿಂದೆ ಯಂತ್ರಕ್ಕೆ ಪಾಠ ಹೇಳುವಾಗ ವರ್ಗಗಳು ಇಪ್ಪತ್ತೇಳಿದ್ದವು. ಹಿರಿಯ ಡಾಕ್ಟರರು ಎಪ್ಪತ್ತು ಸಾವಿರ ಚಿತ್ರಗಳನ್ನು ನೋಡಿ ಪ್ರತಿಯೊಂದಕ್ಕೂ ವರ್ಗ ಬರೆದುಕೊಟ್ಟಿದ್ದರು. ಆ ರಾಶಿಯಲ್ಲಿ ಇಪ್ಪತ್ತೇಳನೆಯದಕ್ಕೆ ಸಿಕ್ಕಿದ್ದು ಇನ್ನೂರ ಹನ್ನೆರಡು ಚಿತ್ರ, ಹೆಚ್ಚಿನವು ಮಕ್ಕಳದ್ದು. ಪ್ರತಿ ವರ್ಗದಲ್ಲೂ ನೂರಕ್ಕೆ ತೊಂಬತ್ತೈದು ಸಲ ಸರಿ ಹೇಳಿದರೆ ಮಾತ್ರ ಯಂತ್ರಕ್ಕೆ ಅನುಮತಿ ಎಂಬ ನಿಯಮವಿತ್ತು. ಉಳಿದವೆಲ್ಲ ದಾಟಿದವು. ಇಪ್ಪತ್ತೇಳು ಅರವತ್ತೊಂದರಲ್ಲೇ ಕೂತಿತು. ಅದನ್ನು ಮೇಲೆತ್ತಲು ಮೊಣಕೈಯ ಚಿತ್ರವೂ ಬೇಕು, ಅಂದರೆ ಗೂಡು ಇನ್ನೊಂದು ಗೇಣು ಉದ್ದವಾಗಬೇಕು, ಇನ್ನೂ ಒಂದು ವರ್ಷ ಮಾದರಿಗಳನ್ನು ಕೂಡಿಹಾಕಬೇಕು. ಉದ್ಘಾಟನೆಗೆ ಉಳಿದದ್ದು ಐದು ವಾರ.

ಪಟ್ಟಿಯನ್ನು ನೋಡಿಕೊಳ್ಳುವ ಕೆಲಸ ಚನ್ನವೀರನದು. ಒಂದು ಗುರುವಾರ ಮಧ್ಯಾಹ್ನ ಚಹಾ ಕುಡಿದು ಬಂದು ಕೂತು, ಇನ್ನೂರ ಹನ್ನೆರಡು ಚಿತ್ರಗಳನ್ನೂ ಒಟ್ಟಿಗೆ ಹಿಡಿದು ಹದಿನಾಲ್ಕನೆಯ ವರ್ಗಕ್ಕೆ ಸರಿಸಿದ. ಮುರಿದ ಎಲುಬು ಅದೇ ತಾನೆ, ಸದ್ಯಕ್ಕೆ ಅಲ್ಲಿರಲಿ, ಆಮೇಲೆ ತೆಗೆದರಾಯಿತು ಎಂದುಕೊಂಡ. ಹದಿನಾಲ್ಕರಲ್ಲಿ ಒಂಬತ್ತು ಸಾವಿರ ಚಿತ್ರಗಳಿದ್ದವು. ಇನ್ನೂರ ಹನ್ನೆರಡು ಅದರಲ್ಲಿ ಎಲ್ಲಿ ಹೋದವೋ ಗೊತ್ತಾಗಲಿಲ್ಲ. ಷರಾ ಎಂಬ ಕಡೆ ಬರೆದ: ‘ಮಾದರಿ ಕಡಿಮೆ. ಹದಿನಾಲ್ಕರಲ್ಲಿ ವಿಲೀನ. ತಂಡದ ತೀರ್ಮಾನ.’ ತಂಡ ಯಾವುದೂ ಸೇರಿರಲಿಲ್ಲ. ಸಂಜೆ ಅಂಕಿಗಳು ಬಂದವು, ಎಲ್ಲ ವರ್ಗಗಳೂ ತೊಂಬತ್ತೈದರ ಮೇಲೆ. ಕೋಣೆಯಲ್ಲಿ ಎಲ್ಲರೂ ಚಪ್ಪಾಳೆ ಹೊಡೆದರು. ಅವನೂ ಹೊಡೆದ.

ಮಂಗಳವಾರ ಅಕ್ಕ, ಲೀಲಾ ಇಬ್ಬರನ್ನೂ ಧಾರವಾಡಕ್ಕೆ ಕರೆದುಕೊಂಡು ಹೋದ. ಡಾಕ್ಟರ್ ಹಣಮಂತರಾವ ಕೆರೂರ ಅವರಿಗೆ ಎಪ್ಪತ್ತನಾಲ್ಕು. ಕೆಲಸ ಬಿಟ್ಟು ಮನೆಯಲ್ಲಿದ್ದವರು. ಮಕ್ಕಳ ಮೊಣಕೈಯನ್ನು ಬಿಚ್ಚಿ ಸರಿಮಾಡಿ ಗೊತ್ತಿರುವವರು ಆ ಭಾಗದಲ್ಲಿ ಅವರೊಬ್ಬರೇ ಉಳಿದಿದ್ದರು. ಚನ್ನವೀರ ಚಿತ್ರ ತೋರಿಸಲು ಹೋದ.

“ಮೊದಲ ಕೈ ಕೊಡಪಾ, ಫೋಟೋ ಆಮ್ಯಾಲೆ,” ಎಂದರು. ಲೀಲಾಳ ಮೊಣಕೈಯ ಮೇಲೆ ಹೆಬ್ಬೆರಳಿಟ್ಟು, ಇನ್ನೊಂದು ಕೈಯಿಂದ ಅವಳ ಮುಂಗೈಯನ್ನು ಮೆಲ್ಲಗೆ ತಿರುಗಿಸಿದರು. “ಏನವಾ, ಮಂಗ್ಯಾನಂಗ ಕಂಬಾ ಹತ್ತತಿದ್ದೇನು?”

“ಮಂಗ್ಯಾ ಇಷ್ಟ ಛಲೋ ಹತ್ತೂದಿಲ್ರಿ. ದಸರಾ ಆಟಕ್ಕ ನಾ ಆರಿಸಿ ಬಂದೇನ್ರಿ,” ಎಂದಳು ಲೀಲಾ.

ಅವರು ನಕ್ಕರು. ನಗು ಬೇಗ ಇಳಿಯಿತು. ಸುವರ್ಣಾಳ ಕಡೆ ತಿರುಗಿ, “ಮೊಣಕೈ ಯಾರೂ ನೋಡಲಿಲ್ಲೇನ ತಾಯಿ?” ಎಂದರು.

“ಡಬ್ಬಿ ನೋಡೈತಲ್ರಿ.”

“ಡಬ್ಬಿ ಮುಂಗೈ ನೋಡೇದ. ಮುಂಗೈಯೊಳಗ ಎರಡ ಎಲುಬ ಅದಾವ, ಒಂದಕ್ಕೊಂದು ಕಟ್ಟಿಹಾಕಿದ ಜೋಡಿ ಎತ್ತ ಇದ್ದಂಗ. ಒಂದು ಮುಗ್ಗರಿಸಿದ್ರ ಇನ್ನೊಂದು ಏನಾತು ಅಂತ ನೋಡಬೇಕು. ನೋಡಿಲ್ಲ.” ಆಮೇಲೆ ಚನ್ನವೀರನನ್ನು ಒಳಕೋಣೆಗೆ ಕರೆದರು. ಬಾಗಿಲು ಮುಂದೆ ಮಾಡಿ ಹೇಳಿದರು: “ಆರು ವಾರ ಆಗೇದ. ಮೊದಲ ದಿನ ಬಂದಿದ್ರ ಹೊರಗಿಂದನ ಕೂಡಸ್ತಿದ್ದೆ, ಗಾಯಾ ಇಲ್ಲ, ಹೊಲಿಗಿ ಇಲ್ಲ. ಈಗ ಬಿಚ್ಚಬೇಕು. ಕೂಡಿದ ಎಲುಬನ್ನ ಮತ್ತ ಕೊಯ್ದು, ಜಾರಿದ್ದಕ್ಕ ಜಾಗಾ ಮಾಡಬೇಕು. ಪೂರ್ತಿ ತಿರಗ್ತದ ಅಂತ ಮಾತು ಕೊಡೂದಿಲ್ಲ. ತಿಂಗಳಗಟ್ಟಲೆ ಬಿಟ್ಟಿದ್ರ ಆ ಎಲುಬಿನ ತಲೀ ಆಕಾರನ ಕೆಟ್ಟು ಹೋಗತಿತ್ತು. ಆಗ ಯಾರೂ ಏನೂ ಮಾಡಲಿಕ್ಕೆ ಆಗೂದಿಲ್ಲ.”

“ಹೌದ್ರಿ.”

“ನೀ ಅಲ್ಲೇ ಕೆಲಸಾ ಮಾಡ್ತಿ ಅಲ್ಲೇನು? ಆ ಚಿತ್ರಗೋಳಿಗೆ ಹೆಸರ ಬರದಾವ್ರೊಳಗ ನಾನೂ ಒಬ್ಬ. ಇದು ಇತ್ತಲ್ಲೋ ನಿಮ್ಮ ಪಟ್ಟಿಯೊಳಗ. ಕಡೇ ನಂಬರ್. ನಾನ ಬರದು ಕೊಟ್ಟಿದ್ದೆ. ಎಲ್ಲಿ ಹೋತು?”

ಚನ್ನವೀರ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದ. ತೆಗೆದದ್ದು ನಾನೇ ಎಂದು ಹೇಳಲು ಅವರತ್ತ ತಿರುಗಿದ. ಹೊರಗಿನಿಂದ ಅಕ್ಕನ ದನಿ ಕೇಳುತ್ತಿತ್ತು. ಲೀಲಾಳಿಗೆ ಜಡೆ ಹಾಕುತ್ತ ಏನೋ ಹೇಳುತ್ತಿದ್ದಳು. ಅವನು ಮತ್ತೆ ಕ್ಯಾಲೆಂಡರಿನತ್ತ ತಿರುಗಿದ.

“ನೋಡ್ತೀನ್ರಿ ಸರ,” ಎಂದ.

ಬುಧವಾರದಿಂದ ಅವನು ಹದಿನಾಲ್ಕನೆಯ ವರ್ಗದ ಹಳೆಯ ಚಿತ್ರಗಳನ್ನು ಒಂದೊಂದಾಗಿ ತೆರೆದ. ಒಂದು ವರ್ಷಕ್ಕಿಂತ ಹಿಂದಿನ ಚಿತ್ರಗಳನ್ನು ಯಂತ್ರ ತಾನಾಗಿಯೇ ಅಳಿಸಿಹಾಕುತ್ತಿತ್ತು. ಮಕ್ಕಳದ್ದೇ ಉಳಿದದ್ದು ಮೂರು ಸಾವಿರದ ಒಂಬೈನೂರು. ಬಹಳಷ್ಟರಲ್ಲಿ ಮೊಣಕೈ ಬಿದ್ದೇ ಇರಲಿಲ್ಲ. ಅವುಗಳಲ್ಲಿ ಏನಿತ್ತೋ ಯಾರಿಗೂ ಇನ್ನು ತಿಳಿಯುವಂತಿರಲಿಲ್ಲ. ಮೊಣಕೈಯ ಅಂಚಾದರೂ ಕಾಣುತ್ತಿದ್ದ ಆರುನೂರು ಚಿತ್ರಗಳ ಮೇಲೆ ಆರುನೂರು ಗೆರೆ ಎಳೆದ. ಪಕ್ಕದ ಮೇಜಿನ ರುಬೀನಾ ನದಾಫ ಎರಡು ದಿನ ನೋಡಿದಳು. ಅವಳು ಅಲ್ಲಿಗೆ ಬಂದು ಎರಡೇ ವರ್ಷವಾಗಿತ್ತು. ಮೂರನೆಯ ದಿನ ಕುರ್ಚಿ ಎಳೆದುಕೊಂಡು ಬಂದಳು.

“ಏನ್ರಿ ಸರ, ಊಟಕ್ಕೂ ಏಳವಲ್ರಿ. ಪರೀಕ್ಷಾ ಬರಿಯೋರಂಗ ಗೆರಿ ಹೊಡ್ಯಾಕತ್ತೀರಿ.”

ತೋರಿಸಿದ. ಅವಳು ಐದಾರು ಚಿತ್ರ ನೋಡಿದಳು. ಷರಾವನ್ನು ತಾನೇ ಹುಡುಕಿ ತೆಗೆದು ಓದಿದಳು.

“ತಂಡದ ತೀರ್ಮಾನ ಅಂತ! ಯಾವ ತಂಡಾನೋ ಏನೋ. ಇದನ್ನ ತಗದವರ ಕೈಗೆ ಹುಳಾ ಬೀಳ್ಲಿ.”

ಚನ್ನವೀರ ತನ್ನ ಕೈಗಳನ್ನು ಮೇಜಿನ ಕೆಳಗೆ ಇಳಿಸಿದ.

“ಎಷ್ಟ ಆದೂವ್ರಿ?”

“ನಲವತ್ತೊಂದು. ಅದರಾಗ ಒಂದು ನಮ್ಮಕ್ಕನ ಮಗಳು.”

“ಮ್ಯಾಲೆ ಹೇಳೀರೇನ್ರಿ?”

“ಹೇಳಬೇಕು.”

ರುಬೀನಾ ಉಗುರು ಕಚ್ಚಿದಳು. “ಹೇಳಿದ್ರ ಏನಾಗತೈತಿ ಗೊತ್ತೈತಲ್ರಿ? ಮೊಹರ. ಕಾಲಗೂಡಿಗೆ ಆದಂಗ.”

ಗೊತ್ತಿತ್ತು. ಒಂದು ವರ್ಗದಲ್ಲಿ ತಪ್ಪಿದೆ ಎಂದು ಬರಹದಲ್ಲಿ ಒಪ್ಪಿಕೊಂಡರೆ ಮತ್ತೆ ಪರೀಕ್ಷೆ ಆಗುವವರೆಗೆ ಎಲ್ಲ ಯಂತ್ರಗಳಿಗೂ ಮೊಹರು ಬೀಳುತ್ತಿತ್ತು. ಕಾಲಿನ ಯಂತ್ರಗಳಿಗೆ ಹಾಗೆ ಬಿದ್ದ ಮೊಹರು ಒಡೆಯಲು ಒಂಬತ್ತು ತಿಂಗಳು ಹಿಡಿದಿತ್ತು. ಒಂಬತ್ತು ತಿಂಗಳು ಜನ ಮುರಿದ ಕಾಲಿಗೆ ಅರಿವೆ ಸುತ್ತಿಕೊಂಡು ಮಲಗಿದ್ದರು. ಕಟ್ಟುವ ಡಾಕ್ಟರರು ಇರಲಿಲ್ಲ.

“ನಮ್ಮ ಅಪ್ಪಾ ಇನ್ನೂ ಕುಂಟತಾನ ಸರ,” ಎಂದಳು ರುಬೀನಾ. “ಆ ಒಂಬತ್ತು ತಿಂಗಳಾಗ ಬಿದ್ದಂವ. ದಿನಕ್ಕ ಇನ್ನೂರ ಕೈ ಬರ್ತಾವ ನಮ್ಮ ಡಬ್ಬಿಗೋಳಿಗೆ. ನಲವತ್ತ ಕೈ ಉಳಸಾಕ ಹೋಗಿ ಅವನ್ನೆಲ್ಲಾ ಕಳಕೊಳ್ಳೋಣ ಏನ್ರಿ? ಸುಮ್ನ ಸರಿ ಮಾಡ್ರಿ. ಗದ್ದಲಾ ಮಾಡಬ್ಯಾಡ್ರಿ.”

ಸರಿಯಾದ ಮಾತು. ಅದು ಸರಿಯಾಗಿದೆ ಎಂದು ಅನ್ನಿಸಿದ ಕೂಡಲೇ ಎದೆಯ ಮೇಲಿನ ಭಾರ ಇಳಿದದ್ದನ್ನು ಚನ್ನವೀರ ಗಮನಿಸಿದ. ಇಷ್ಟು ಬೇಗ ಇಳಿದದ್ದು ಹೇಗೆ ಎಂದು ಅವನಿಗೇ ಅಸಹ್ಯವಾಯಿತು. ದಿನಕ್ಕೆ ಇನ್ನೂರು ಕೈಗಳ ಮರೆಯಲ್ಲಿ ಒಬ್ಬ ಮನುಷ್ಯ ಆರಾಮಾಗಿ ಅಡಗಿ ಕೂರಬಹುದಿತ್ತು.

ಎಂಟು ದಿನ ಕೂತು ಇಬ್ಬರೂ ಸೇರಿ ಇಪ್ಪತ್ತೇಳನೆಯ ವರ್ಗವನ್ನು ಮತ್ತೆ ಕೂಡಿಸಿದರು. ಗೂಡನ್ನು ಉದ್ದ ಮಾಡಲು ಆಗುತ್ತಿರಲಿಲ್ಲ. ಅದಕ್ಕೆ ಮಕ್ಕಳ ಕೈ ಬಂದಾಗ ಕೇಂದ್ರದ ಸಿಸ್ಟರ್ ಮೊದಲು ಮೊಣಕೈಯನ್ನು ಗೂಡಿನ ಬಾಯಿಗೆ ಹಿಡಿಯಬೇಕೆಂದು ಯಂತ್ರವೇ ಹೇಳುವಂತೆ ಮಾಡಿದರು. ಜಾರಿದ ಕೀಲು ಕಂಡರೆ ಅದು ತಾನು ಮುಟ್ಟದೆ ಧಾರವಾಡಕ್ಕೆ ಕಳಿಸುವಂತೆ ಬರೆದರು. ಕಾಗದದಲ್ಲಿ ಅದನ್ನು ‘ಮಾಮೂಲಿ ಸುಧಾರಣೆ’ ಎಂದು ಕರೆದರು. ಮೇಲಿನವರು ಓದದೆ ಸಹಿ ಹಾಕಿದರು. ಇನ್ನು ಮುಂದೆ ಬೀಳುವ ಮಕ್ಕಳಿಗೆ ಭಯವಿರಲಿಲ್ಲ.

ಆಗಲೇ ಬಿದ್ದವರ ಮಾತು ಉಳಿಯಿತು. ಲೀಲಾಳನ್ನು ಬಿಟ್ಟು ನಲವತ್ತು. ಕೆಲವರ ಕೈ ಮುರಿದು ಎರಡು ವಾರ, ಕೆಲವರದು ಹತ್ತು ತಿಂಗಳು.

ಅವನು ಒಂದೊಂದೇ ಮನೆಗೆ ಫೋನ್ ಮಾಡತೊಡಗಿದ. ಏನೆಂದು ಕರೆಯಬೇಕು? ‘ಕಟ್ಟಿನ ಗುಣಮಟ್ಟದ ತಪಾಸಣೆ’ ಎಂದು ಒಂದು ಹೆಸರು ಕಟ್ಟಿದ. ಮಗುವನ್ನು ಧಾರವಾಡಕ್ಕೆ ಕರೆತನ್ನಿ, ಕೆರೂರ ಡಾಕ್ಟರರು ಒಮ್ಮೆ ನೋಡುತ್ತಾರೆ ಎಂದ.

“ಕಟ್ಟು ಬಿಚ್ಚಿ ಒಗದೇವ್ರಿ ಸರ, ಇನ್ನೆಲ್ಲಿ ಗುಣಮಟ್ಟಾ?” ಎಂದು ಒಬ್ಬ ನಕ್ಕ.

“ಚೀಟಿಯೊಳಗ ಸರಿ ಐತಿ ಅಂತ ಬರದೈತಿ. ನೀವ ಬರದು ನೀವ ಮತ್ತ ಬರ್ರಿ ಅಂತೀರಿ. ಮಾಡಾಕ ಕೆಲಸಿಲ್ಲೇನ್ರಿ?” ಎಂದು ಇನ್ನೊಬ್ಬ ಕೇಳಿದ.

ಒಬ್ಬ ಅಜ್ಜ ಮಾತ್ರ, “ಕೈ ಸೊಟ್ಟ ಆಗೈತ್ರಿ ಸಾಹೇಬ್ರ, ನಾವ ಬರಬೇಕಂತಿದ್ವಿ, ಎಲ್ಲಿಗೆ ಹೋಗೂದು ಗೊತ್ತಿದ್ದಿಲ್ಲ” ಎಂದು ಅತ್ತುಬಿಟ್ಟ. ಅವನು ಮರುದಿನವೇ ಮೊಮ್ಮಗನನ್ನು ಕರೆತಂದ. ಮೊದಲ ವಾರ ಏಳು ಮಕ್ಕಳು ಬಂದರು, ಎರಡನೆಯ ವಾರ ಐದು. ಕೈ ತಿರುಗದೆ ಕಷ್ಟಪಡುತ್ತಿದ್ದವರು ಬಂದರು. ತೊಂದರೆ ಇನ್ನೂ ಕಣ್ಣಿಗೆ ಬೀಳದ ಮನೆಗಳಿಂದ ಯಾರೂ ಬರಲಿಲ್ಲ. ಆದರೆ ಈಗಲೇ ಬಂದರೆ ಪೂರ್ತಿ ಉಳಿಯಬಹುದಾಗಿದ್ದದ್ದು ಅವರ ಕೈಗಳೇ.

ಲೀಲಾಳ ಶಸ್ತ್ರಚಿಕಿತ್ಸೆ ಒಂದು ಶುಕ್ರವಾರ ಬೆಳಿಗ್ಗೆ ಆಯಿತು. ಕೆರೂರ ಡಾಕ್ಟರರ ಕೈ ನಡುಗುತ್ತಿತ್ತು. ಅವರು ಪಕ್ಕದಲ್ಲಿ ನಿಂತು ಹೇಳಿದರು, ಎಳೆಯ ಡಾಕ್ಟರೊಬ್ಬ ಕೊಯ್ದ. ಮಗುವಿನ ಮೊಣಕೈಯನ್ನು ಅವನು ಬಿಚ್ಚಿ ನೋಡಿದ್ದು ಅದೇ ಮೊದಲು. ನಾಲ್ಕು ತಾಸು. ಹೊರಗಿನ ಬೆಂಚಿನ ಮೇಲೆ ಮಾಂತೇಶ ಮಂಡಿಗಳ ನಡುವೆ ತಲೆಯಿಟ್ಟು ಕೂತಿದ್ದ.

“ಎಡಗೈಲೆ ಉಂಡಳಂತ ಬಡದೇವಿ ನಾವು,” ಎಂದ ಒಮ್ಮೆ.

ಕೆರೂರರು ಹೊರಗೆ ಬಂದು ಟೋಪಿ ತೆಗೆದರು. “ಕೂತದ. ಮುಕ್ಕಾಲು ಪಾಲು ತಿರಗ್ತದ ಅಂತ ಅನ್ನಸ್ತದ. ಊಟಾ, ಬರೆಯೋದು, ಮುಂದ ರೊಟ್ಟಿ ಬಡಿಯೋದು, ಎಲ್ಲಾ ನಡೀತದ. ಕಂಬಾ ಹತ್ತೂದು ಮರತುಬಿಡ್ರಿ.” ನಂತರ ಚನ್ನವೀರನ ಹತ್ತಿರ ನಿಂತು ದನಿ ಇಳಿಸಿದರು. “ಹನ್ನೆರಡು ಮಕ್ಕಳನ್ನ ಕಳಿಸೀದಿ. ಎಲ್ಲಾ ಒಂದ ಜಾತಿ ಮುರಿತ. ಗುಣಮಟ್ಟದ ತಪಾಸಣಿ ಅಂತ ನಂಬಲಿಕ್ಕೆ ನಾ ಸಣ್ಣ ಹುಡುಗ ಅಲ್ಲ. ನಾ ಏನೂ ಕೇಳೂದಿಲ್ಲ. ಇನ್ನೂ ಎಷ್ಟದಾವ?”

“ಇಪ್ಪತ್ತೆಂಟು.”

“ಹಂಗಾರ ಅವ್ರಿಗೆ ಖರೇ ಹೇಳು. ಹೆದರಿದ್ರ ಓಡಿ ಬರ್ತಾರ. ಹೆದರಸ್ಲಿಲ್ಲಂದ್ರ ಬರೂದಿಲ್ಲ.”

ಅವರು ಹೋದ ಮೇಲೆ ಸುವರ್ಣಾ ಬಂದು ತಮ್ಮನ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣು ಊದಿಕೊಂಡಿದ್ದವು. “ನೀ ಇದ್ದಿ ಅಂತ ಆತೋ ಚನ್ನೂ. ನೀ ಆವತ್ತು ಕೈ ಮುಟ್ಟಿ ನೋಡದಿದ್ರ ನನ್ನ ಮಗಳು ಜೀವನಪೂರ್ತಿ... ನಿನ್ನ ಋಣಾ ಹೆಂಗ ತೀರಸ್ಲಿ? ನಿನ್ನ ಕೈಯಾಗ ದೇವ್ರದಾನ ನೋಡು.”

ಅವನು ಕೈ ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಅವಳ ಹಣೆ ಅವನ ಬೆರಳುಗಳ ಮೇಲಿತ್ತು. ಈಗ ಹೇಳಿದರೆ ಅವಳು ಕೈ ಬಿಡುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಅಕ್ಕನಿಗೆ ಹೇಳಿದ ಮಾತ್ರಕ್ಕೆ ಯಾವ ಯಂತ್ರಕ್ಕೂ ಮೊಹರು ಬೀಳುವುದಿಲ್ಲ ಎಂಬುದೂ ಗೊತ್ತಿತ್ತು. ಹಾಗಾದರೆ ತನ್ನನ್ನು ತಡೆಯುತ್ತಿರುವುದು ಮೊಹರಲ್ಲ. ದಿನಕ್ಕೆ ಇನ್ನೂರು ಕೈಗಳೂ ಅಲ್ಲ. “ಒಳಗ ಹೋಗಕ್ಕಾ, ಎಚ್ಚರಾಗಿರ್ತಾಳ” ಎಂದು ಅವಳನ್ನು ಎಬ್ಬಿಸಿದ.

ಮೂರನೆಯ ವಾರ ಏಳು ಮಕ್ಕಳು ಬಂದರು. ಅಲ್ಲಿಗೆ ಹತ್ತೊಂಬತ್ತಾಯಿತು. ಆಮೇಲೆ ನಿಂತೇ ಹೋಯಿತು. ಕೆಲವರು ಫೋನ್ ಎತ್ತುವುದನ್ನು ಬಿಟ್ಟರು. ಇಬ್ಬರು ಊರು ಬಿಟ್ಟು ದುಡಿಯಲು ಹೋಗಿದ್ದರು. ಚನ್ನವೀರ ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಎರಡೆರಡು ಸಲ ಕರೆದ. ಪ್ರತಿ ಸಲವೂ ಹೊಸ ಹೊಸ ಕಾರಣ ಹೇಳಿದ: ಉಚಿತ ವ್ಯಾಯಾಮ ಶಿಬಿರ, ಟಾನಿಕ್ ವಿತರಣೆ, ಸರ್ಕಾರದ ಸಮೀಕ್ಷೆ. ರುಬೀನಾ ಕೇಳಿಸಿಕೊಳ್ಳಲಾರದೆ ಹೊರಗೆ ಎದ್ದು ಹೋಗುತ್ತಿದ್ದಳು.

ಪಟ್ಟಿಯಲ್ಲಿ ಸಮರ್ಥ ಎಂಬ ಏಳು ವರ್ಷದ ಹುಡುಗನಿದ್ದ. ಕರೆಗಳು ಶುರುವಾದಾಗ ಅವನು ಜೋಕಾಲಿಯಿಂದ ಬಿದ್ದು ಹನ್ನೆರಡು ದಿನ. ಮೊದಲ ವಾರದಲ್ಲಿ ಅವನ ಚಿತ್ರವನ್ನು ನೋಡಿ ಕೆರೂರ ಡಾಕ್ಟರರು, “ಇದು ಹಸೀದದ, ಐದು ವಾರ ತುಂಬೂದ್ರಾಗ ಬಂದ್ರ ಬಿಚ್ಚೂ ಗೊಡವಿನ ಇಲ್ಲದಂಗ ಕೂಡಸಬಹುದೇನೋ” ಎಂದಿದ್ದರು. ಆ ಮನೆಗೆ ಮಾಡಿದ ಐದೂ ಕರೆಗಳನ್ನು ಹುಡುಗನ ಅಜ್ಜಿ ಎತ್ತಿ, ಹೊಲಕ್ಕೆ ಹೋಗ್ಯಾರ ಎಂದು ಇಟ್ಟುಬಿಟ್ಟಿದ್ದಳು. ಬಿದ್ದು ಮೂವತ್ಮೂರನೆಯ ದಿನ ಮಧ್ಯಾಹ್ನ, ಆರನೆಯ ಕರೆಗೆ, ತಾಯಿ ರೇಣವ್ವ ಸಿಕ್ಕಳು. ಚನ್ನವೀರ ತಪಾಸಣೆಯ ಮಾತು ಹೇಳಿದ.

“ನಾಳೆ ಬಂದ್ರ ಛಲೋ ಆಗತೈತ್ರಿ. ನಾಡದಾದ್ರೂ ಬರ್ರಿ.”

ಆ ಕಡೆ ಕೋಳಿಗಳ ಸದ್ದು, ಮಗುವಿನ ನಗು ಕೇಳುತ್ತಿತ್ತು.

“ಸರ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ,” ಎಂದಳು. “ಐದ ಸಲ ಫೋನ್ ಮಾಡೀರಂತ ನಮ್ಮತ್ತಿ ಅಂದ್ಲು. ಸರಕಾರದವ್ರು ಒಬ್ಬ ಬಡವರ ಹುಡುಗಗ ಐದ ಸಲ ಫೋನ್ ಮಾಡೂದು ನಾ ಕಂಡಿಲ್ಲ. ಖರೇ ಹೇಳ್ರಿ. ನನ್ನ ಮಗನ ಕೈ ಡಬ್ಬಿ ತಪ್ಪ ಕಟ್ಟೇತೇನ್ರಿ?”

ರುಬೀನಾ ತನ್ನ ಪರದೆಯಿಂದ ತಲೆ ಎತ್ತಿ ಅವನನ್ನೇ ನೋಡುತ್ತಿದ್ದಳು. ಗೋಡೆಯ ಪರದೆಯ ಮೇಲೆ ತೀರ್ಪುಗಳು ಒಂದರ ಹಿಂದೆ ಒಂದು ಉರುಳುತ್ತಿದ್ದವು. ಚನ್ನವೀರ ಬಾಯಿ ತೆರೆದ. ನಾಲಿಗೆಗೆ ಬಂದದ್ದು ಮೂರು ವಾರದಿಂದ ರೂಢಿಯಾಗಿಹೋದ ಮಾತು.

“ಇಲ್ರಿ ತಾಯಿ. ಹಂಗೇನಿಲ್ಲ. ಎಲ್ಲಾ ಮಕ್ಕಳಿಗೂ ಮಾಡೂ ಮಾಮೂಲಿ ತಪಾಸಣಿ.”

ಅವಳು ನಿಡಿದಾಗಿ ಉಸಿರು ಬಿಟ್ಟಳು. ಆ ಉಸಿರಿನಲ್ಲಿದ್ದ ನೆಮ್ಮದಿ ಅವನಿಗೆ ಕೇಳಿಸಿತು. “ಅಬಾ, ಜೀವ ಬಂತ ನೋಡ್ರಿ. ನಾ ಏನೋ ಅಂತ ಹೆದರಿದ್ದೆ. ಹಂಗಾರ ಈಗ ಬ್ಯಾಡ್ರಿ ಸರ. ಶೇಂಗಾ ಕೀಳಾಕತ್ತೇವಿ, ಆಳಿಲ್ಲ. ಸುಗ್ಗಿ ಮುಗದ ಮ್ಯಾಲೆ ಬರ್ತೇವಿ. ದೇವ್ರು ನಿಮ್ಮನ್ನ ತಂಪಾಗಿಟ್ಟಿರ್ಲಿ.”

ಫೋನ್ ಕಟ್ಟಾಯಿತು. ಅವನು ಪಟ್ಟಿಯಲ್ಲಿ ಸಮರ್ಥನ ಹೆಸರಿನ ಮುಂದೆ ‘ತಿಳಿಸಲಾಗಿದೆ’ ಎಂದು ಬರೆದ.

ಯಂತ್ರ ತಪ್ಪು ಕಟ್ಟಿದೆ, ಅದಕ್ಕೆ ಆ ತಪ್ಪನ್ನು ಕಲಿಸಿದವನು ನಾನು, ಈಗಲೇ ಹೊರಟು ಬನ್ನಿ ಎಂದು ಚನ್ನವೀರ ಅವಳಿಗೆ ಹೇಳಲಿಲ್ಲ. ಅಕ್ಕನಿಗೂ ಹೇಳಲಿಲ್ಲ, ಉಳಿದ ಇಪ್ಪತ್ತು ಮನೆಗಳಿಗೂ ಹೇಳಲಿಲ್ಲ.